ಬೀಟಲ್ಸ್ ಸಾಕ್ಷ್ಯಚಿತ್ರಗಳನ್ನು ತಾಳೆ ನೋಡುವ ಕ್ರಮ: ಚಿಕ್ಕಬಳ್ಳಾಪುರ ಜಿಲ್ಲೆಯ ಬಳಕೆದಾರರಿಗೆ ಕೈಪಿಡಿ

ಬಳಸುವ ಮುನ್ನ ಓದಿ

ಈ ಕೈಪಿಡಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟದ ಬಳಕೆದಾರರಿಗಾಗಿ ಸಿದ್ಧವಾದದ್ದು. ಬಾಗೇಪಲ್ಲಿ, ಗುಡಿಬಂಡೆಯವರು ಬಳಸಿದರೂ ಅಡ್ಡಿಯಿಲ್ಲ. ಬೆಂಗಳೂರಿನವರಿಗೆ ಇದು ಬೇಕಾಗಿಲ್ಲ. ಅವರು 2003ರ ಏಪ್ರಿಲ್ 4ರಂದು ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ತಂಡವನ್ನು ಕಣ್ಣಾರೆ ಕಂಡವರು. ಅವತ್ತು ಹೋಗದವರೂ ಈಗ ಹೋಗಿದ್ದೆವೆಂದೇ ಹೇಳುತ್ತಾರೆ. ಅರವತ್ತು ಕಿಲೋಮೀಟರ್ ಆಚೆಗಿರುವ ನಮಗೆ ರಾಕ್ ಬ್ಯಾಂಡ್ ಅಂದರೆ ಪರದೆ ಮೇಲೆ ಕಂಡಷ್ಟೇ. ಆ ಕಂಡಷ್ಟರಲ್ಲಿ ನಡೆದದ್ದೆಷ್ಟು, ಕತ್ತರಿ ಆಡಿಸಿದ್ದೆಷ್ಟು ಅಂತ ತಿಳಿಯಬೇಕಾದರೆ ಒಂದೇ ಬ್ಯಾಂಡಿನ ಮೇಲೆ ಬಂದ ಎರಡು ಮೂರು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಅಭ್ಯಾಸಕ್ಕೆ ಬೀಟಲ್ಸ್ ತಂಡವನ್ನೇ ಆರಿಸಿಕೊಳ್ಳಿ. ಕಾರಣ ಅವರ ಕೀರ್ತಿಯಲ್ಲ. ಒಂದೇ ತಿಂಗಳು, ಅದೇ ಕೋಣೆಗಳು, ಅದೇ ನಾಲ್ಕು ಜನ (ಜಾನ್, ಪಾಲ್, ಜಾರ್ಜ್, ರಿಂಗೋ), ಅದೇ ಕ್ಯಾಮೆರಾ ಚಿತ್ರಿಸಿದ ಅದೇ ದೃಶ್ಯಗಳಿಂದ ಐವತ್ತು ವರ್ಷದ ಅಂತರದಲ್ಲಿ ಎರಡು ಬೇರೆಬೇರೆ ಚಿತ್ರ ಮಾಡಿಟ್ಟ ಉದಾಹರಣೆ ಬೇರೆಲ್ಲೂ ಇಷ್ಟು ಸಲೀಸಾಗಿ ಸಿಗುವುದಿಲ್ಲ.

ಬೇಕಾಗುವ ಸಾಮಗ್ರಿ

ಟಿವಿ ಒಂದು. ಫೋನಿನಲ್ಲಿ ನೋಡಬೇಡಿ, ಹಿಂದೆ ಕೂತವರ ಮುಖ ಕಾಣುವುದಿಲ್ಲ, ಈ ಕೆಲಸದಲ್ಲಿ ಹಿಂದೆ ಕೂತವರೇ ಮುಖ್ಯ. ಗೆರೆ ಹಾಕಿದ ನೋಟ್‌ಬುಕ್ ಒಂದು. ಬೇಯಿಸಿದ ಕಡಲೆಕಾಯಿ, ಇಬ್ಬರಿಗೆ ಒಂದು ಸೇರಿನ ಲೆಕ್ಕ. ದಿಲ್‌ಖುಷ್ ದ್ರಾಕ್ಷಿ ಕಾಲವಾದರೆ ಅದೂ ಆಗುತ್ತದೆ, ಆದರೆ ರಿಮೋಟು ಅಂಟಂಟಾದರೆ ಕೈಪಿಡಿ ಹೊಣೆಯಲ್ಲ.

ಇದಲ್ಲದೆ ಜನ ಇಬ್ಬರು ಬೇಕು. ಒಬ್ಬ, ಬೀಟಲ್ಸ್ ಬಗ್ಗೆ ಎಲ್ಲ ಗೊತ್ತಿರುವವನು. ಇಂಥವನು ಪ್ರತಿ ತಾಲ್ಲೂಕಿಗೂ ಒಬ್ಬನಿರುತ್ತಾನೆ, ಕರೆಯದೆಯೂ ಬರುತ್ತಾನೆ. ಇನ್ನೊಬ್ಬರು, ಆ ಹೆಸರನ್ನೇ ಕೇಳದವರು. ಮನೆಯಲ್ಲಿ ಅಜ್ಜಿಯಿದ್ದರೆ ಅವರನ್ನೇ ಕೂರಿಸಿ. ಮೊದಲನೆಯವನು ಚಿತ್ರದಲ್ಲಿ ಇಲ್ಲದ್ದನ್ನೆಲ್ಲ ಹೇಳುತ್ತಾನೆ. ಅಜ್ಜಿ ಇರುವುದನ್ನು ಮಾತ್ರ ನೋಡುತ್ತಾರೆ.

ಹಂತ 1: ಎರಡು ತಾರೀಖು ಬರೆದುಕೊಳ್ಳಿ

ಪ್ರತಿ ಚಿತ್ರಕ್ಕೂ ನೋಟ್‌ಬುಕ್ಕಿನಲ್ಲಿ ಎರಡು ತಾರೀಖು: ಚಿತ್ರೀಕರಣದ್ದು, ಬಿಡುಗಡೆಯದ್ದು. ಬಹಳ ಜನ ಈ ಹಂತವನ್ನು ದಾಟಿಸಿ ಮುಂದೆ ಹೋಗುತ್ತಾರೆ, ಆಮೇಲೆ ಚಿತ್ರ ಕೆಟ್ಟಿದೆ ಅಂತ ದೂರುತ್ತಾರೆ.

ಮೈಕೆಲ್ ಲಿಂಡ್ಸೆ-ಹಾಗ್ ನಿರ್ದೇಶಿಸಿದ ‘ಲೆಟ್ ಇಟ್ ಬಿ’ ಚಿತ್ರೀಕರಣವಾದದ್ದು 1969ರ ಜನವರಿಯಲ್ಲಿ. ಮೊದಲು ಲಂಡನ್ನಿನ ಟ್ವಿಕೆನ್‌ಹ್ಯಾಮ್ ಸ್ಟುಡಿಯೋ, ಆಮೇಲೆ ಸ್ಯಾವಿಲ್ ರೋದಲ್ಲಿದ್ದ ಅವರದೇ ಆ್ಯಪಲ್ ಕಂಪನಿಯ ಕಟ್ಟಡ. ಬಿಡುಗಡೆಯಾದದ್ದು 1970ರ ಮೇ ತಿಂಗಳಲ್ಲಿ. ನಡುವಿನ ಹದಿನಾರು ತಿಂಗಳಲ್ಲಿ ಏನಾಯಿತು ನೋಡಿ: ಅದೇ ನಾಲ್ವರು ಒಟ್ಟಿಗೆ ಕೂತು ‘ಆ್ಯಬೀ ರೋಡ್’ ಆಲ್ಬಂ ಮುಗಿಸಿ 1969ರ ಸೆಪ್ಟೆಂಬರಿನಲ್ಲಿ ಹೊರತಂದರು. 1970ರ ಏಪ್ರಿಲ್ 10ರಂದು ಪಾಲ್ ಮೆಕಾರ್ಟ್ನಿ ತಂಡ ಬಿಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮುಂದಿನ ತಿಂಗಳು ಚಿತ್ರ. ಲಂಡನ್ನಿನ ಮೊದಲ ಪ್ರದರ್ಶನಕ್ಕೆ ನಾಲ್ವರಲ್ಲಿ ಒಬ್ಬರೂ ಬರಲಿಲ್ಲ. ಥಿಯೇಟರಿಗೆ ಹೋದ ಜನ ತಂಡ ಒಡೆದ ಸುದ್ದಿ ಓದಿಕೊಂಡೇ ಒಳಗೆ ಕೂತರು. ಪಾಲ್ ಕೆಮ್ಮಿದರೂ ಅದರಲ್ಲಿ ಜಗಳ ಕಂಡಿತು. ಚಿತ್ರಕ್ಕೆ ದುಃಖದ ಚಿತ್ರ ಅಂತ ಹೆಸರು ಬಿತ್ತು. 1980ರ ದಶಕದಿಂದಾಚೆ ಅದು ಅಂಗಡಿಗಳಲ್ಲೂ ಸಿಗದೆ ಹೋಯಿತು, ಸಿಗದ್ದರಿಂದ ಹೆಸರು ಇನ್ನಷ್ಟು ಗಟ್ಟಿಯಾಯಿತು. 2024ರ ಮೇ 8ರಂದು ಶುದ್ಧಗೊಂಡ ಪ್ರತಿ ಹೊರಬಂದಾಗಲೇ ಹೊಸ ತಲೆಮಾರು ಅದನ್ನು ಕಂಡದ್ದು.

ಪೀಟರ್ ಜಾಕ್ಸನ್ನನ ‘ಗೆಟ್ ಬ್ಯಾಕ್’ ಚಿತ್ರೀಕರಣದ ತಾರೀಖೂ ಅದೇ 1969ರ ಜನವರಿ. ಬಿಡುಗಡೆ 2021ರ ನವೆಂಬರ್. ಆ ಹೊತ್ತಿಗೆ ನಾಲ್ವರಲ್ಲಿ ಇಬ್ಬರು ತೀರಿಹೋಗಿದ್ದರು. ನೋಡುವವರು ಜಗಳ ಹುಡುಕುತ್ತಿರಲಿಲ್ಲ. ನಾಲ್ವರೂ ಬದುಕಿರುವುದನ್ನು ನೋಡುತ್ತಿದ್ದರು.

ಹಂತ 2: ತೂಕ ಹಾಕಿ

ಆ ಜನವರಿಯಲ್ಲಿ ಚಿತ್ರಿಸಿದ್ದು ಸುಮಾರು 60 ಗಂಟೆಯ ಫಿಲ್ಮು. ಬರೀ ಧ್ವನಿ ಇನ್ನೂ ಹೆಚ್ಚು, 150 ಗಂಟೆಗೂ ಮೇಲೆ. ‘ಲೆಟ್ ಇಟ್ ಬಿ’ ಓಡುವುದು ಸುಮಾರು 80 ನಿಮಿಷ. ‘ಗೆಟ್ ಬ್ಯಾಕ್’ 468 ನಿಮಿಷ. 60 ಗಂಟೆ ಅಂದರೆ 3600 ನಿಮಿಷ. ಮೊದಲನೆಯದು ಅದರಲ್ಲಿ ನೂರಕ್ಕೆ ಎರಡು ಚಿಲ್ಲರೆ, ಎರಡನೆಯದು ನೂರಕ್ಕೆ ಹದಿಮೂರು. ಎಂಟು ಗಂಟೆ ಕೂತು ಎಲ್ಲ ನೋಡಿದೆವು ಅಂತ ಎದೆ ತಟ್ಟಿಕೊಳ್ಳುವವರು ಗಮನಿಸಿ, ನೂರಕ್ಕೆ ಎಂಬತ್ತೇಳು ಪಾಲು ಇನ್ನೂ ಒಳಗೇ ಇದೆ.

ಶಿಡ್ಲಘಟ್ಟದವರಿಗೆ ಇದನ್ನು ವಿವರಿಸಬೇಕಿಲ್ಲ. ಮಾರುಕಟ್ಟೆಯಿಂದ ಒಂದೇ ಲಾಟಿನ ರೇಷ್ಮೆ ಗೂಡು ತಂದು ಅರ್ಧ ಚರಕಕ್ಕೆ, ಅರ್ಧ ಯಂತ್ರಕ್ಕೆ ಹಾಕಿದರೆ ಬರುವ ನೂಲು ಬೇರೆ, ಸಿಗುವ ಬೆಲೆ ಬೇರೆ. ಅಲ್ಲಿ ಗೂಡನ್ನು ಯಾರೂ ದೂರುವುದಿಲ್ಲ, ಬಿಚ್ಚಿದವನ ಕೈ ನೋಡುತ್ತಾರೆ. ಸಾಕ್ಷ್ಯಚಿತ್ರದ ಮುಂದೆ ಕೂತಾಗ ಮಾತ್ರ ನಾವು ಗೂಡಿನ ಬಗ್ಗೆ ಜಗಳವಾಡುತ್ತೇವೆ: ಪಾಲ್ ಒಳ್ಳೆಯವನೋ, ಜಾನ್ ಒಳ್ಳೆಯವನೋ, ಜಾನ್‌ನ ಜೊತೆಗಾತಿ ಯೋಕೊ ಬರದಿದ್ದರೆ ಏನಾಗುತ್ತಿತ್ತೋ.

*ಎಚ್ಚರಿಕೆ:* 468 ನಿಮಿಷವನ್ನು ಒಂದೇ ಕೂರಿಕೆಯಲ್ಲಿ ಮುಗಿಸಲು ಹೋಗಬೇಡಿ, ಬೆನ್ನು ಹಿಡಿದುಕೊಳ್ಳುತ್ತದೆ. ಚಿಂತಾಮಣಿ ಕಡೆಯವರಿಗೆ ಈ ಎಚ್ಚರಿಕೆ ಅನ್ವಯಿಸುವುದಿಲ್ಲ. ಗುರುಪೂರ್ಣಿಮೆಗೆ ಕೈವಾರದಲ್ಲಿ ಸಂತ ತಾತಯ್ಯನವರ ಸನ್ನಿಧಿಯಲ್ಲಿ ಮೂರು ದಿನ ಹಗಲೂ ರಾತ್ರಿ ನಡೆಯುವ ಸಂಗೀತ ಕೇಳಿ ಬೆಳೆದವರು ಎಂಟು ಗಂಟೆಗೆ ಬೆದರುವವರಲ್ಲ. ಅವರ ತಕರಾರು ಬೇರೆ: ಎಂಟು ಗಂಟೆಯಲ್ಲಿ ಒಂದು ಹಾಡನ್ನೂ ಪೂರ್ತಿ ಹಾಡದೆ ಕೂತಿದ್ದಾರಲ್ಲ ಅನ್ನುವುದು. ಕೊನೆಯ ಕಂತಿನವರೆಗೆ ತಾಳ್ಮೆ ಇರಲಿ ಅಂತ ಹೇಳಿ.

ಹಂತ 3: ಜಗಳ ಎಲ್ಲಿದೆ, ಎಲ್ಲಿಲ್ಲ

ಜನವರಿ 6ರಂದು ಗಿಟಾರ್ ನುಡಿಸುವ ವಿಚಾರಕ್ಕೆ ಪಾಲ್ ಮತ್ತು ಜಾರ್ಜ್ ಹ್ಯಾರಿಸನ್ ನಡುವೆ ಮಾತಾಗುತ್ತದೆ. ‘ನೀನು ಹೇಗೆ ಹೇಳಿದರೆ ಹಾಗೆ, ಬೇಡವೆಂದರೆ ನುಡಿಸುವುದೇ ಇಲ್ಲ’ ಅನ್ನುವ ಧಾಟಿಯ ಜಾರ್ಜನ ಮಾತು. ಎರಡೂ ಚಿತ್ರಗಳಲ್ಲಿ ಇದಿದೆ. ಐವತ್ತು ವರ್ಷ ಈ ತುಣುಕೊಂದರ ಮೇಲೆಯೇ ‘ಲೆಟ್ ಇಟ್ ಬಿ’ ಒಡಕಿನ ಚಿತ್ರ ಅನ್ನಿಸಿಕೊಂಡಿತು.

ಈಗ ನಾಲ್ಕು ದಿನ ಮುಂದೆ ಹೋಗಿ. ಜನವರಿ 10ರಂದು ಜಾರ್ಜ್ ತಂಡ ಬಿಟ್ಟು ಎದ್ದೇ ಹೋಗುತ್ತಾನೆ. ಇದು ‘ಲೆಟ್ ಇಟ್ ಬಿ’ಯಲ್ಲಿ ಇಲ್ಲ. ಎಲ್ಲಿ ಹುಡುಕಿದರೂ ಇಲ್ಲ. ಸುಳಿವೂ ಇಲ್ಲ. ಅದಿರುವುದು ‘ಗೆಟ್ ಬ್ಯಾಕ್’ನಲ್ಲಿ, ನಗುವಿನ ಚಿತ್ರ ಅಂತ ಎಲ್ಲರೂ ಹೊಗಳಿದ ಚಿತ್ರದಲ್ಲಿ. ಅಂದರೆ ಜಗಳದ್ದು ಅಂತ ಹೆಸರಾದ ಚಿತ್ರ ದೊಡ್ಡ ಜಗಳವನ್ನು ಮುಚ್ಚಿಟ್ಟಿತ್ತು, ರಾಜಿಯದ್ದು ಅಂತ ಹೆಸರಾದದ್ದು ಬಿಚ್ಚಿಟ್ಟಿತು. ತಾಲ್ಲೂಕಿನ ಬೀಟಲ್ಸ್ ಪಂಡಿತ ಈ ಜಾಗದಲ್ಲಿ ಸ್ವಲ್ಪ ಹೊತ್ತು ಸುಮ್ಮನಾಗುತ್ತಾನೆ. ಆ ಹೊತ್ತನ್ನು ಕಡಲೆಕಾಯಿ ಮುಗಿಸಲು ಬಳಸಿಕೊಳ್ಳಿ.

ಜಾರ್ಜ್ ಹೋಗಿ ಕೆಲವು ದಿನಗಳಾದ ಮೇಲೆ ಒಂದು ಊಟದ ಹೊತ್ತು. ಜಾನ್ ಲೆನನ್, ಪಾಲ್ ಊಟದ ಮನೆಯಲ್ಲಿ ಗುಟ್ಟಾಗಿ ಮಾತಾಡುತ್ತಿದ್ದಾರೆ. ನಿರ್ದೇಶಕ ಮೇಜಿನ ಮೇಲಿನ ಹೂಕುಂಡದಲ್ಲಿ ಮೈಕು ಬಚ್ಚಿಟ್ಟಿದ್ದಾನೆ. ಚಿತ್ರವಿಲ್ಲ, ಧ್ವನಿ ಮಾತ್ರ, ತಟ್ಟೆ ಚಮಚದ ಸದ್ದಿನ ನಡುವೆ. ಜಾಕ್ಸನ್ ಇದನ್ನು ಪರದೆಯ ಮೇಲೆ ಅಕ್ಷರಗಳಲ್ಲಿ ತೋರಿಸುತ್ತಾನೆ. ಇಬ್ಬರೂ ಜಾರ್ಜನ ಬಗ್ಗೆ, ತಮ್ಮ ಬಗ್ಗೆ ಸಾಕಷ್ಟು ಪ್ರಾಮಾಣಿಕವಾಗಿ ಮಾತಾಡುತ್ತಾರೆ. ಕದ್ದು ಕೇಳಿದ್ದು ಸರಿಯೇ ಅನ್ನುವ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಉತ್ತರ ಬರೆಯುವ ಅವಸರ ಬೇಡ. ಕುತೂಹಲಕ್ಕೆ ಹೇಳುವುದಾದರೆ ಕದ್ದು ಕೇಳುವುದು ಅಲ್ಲಿಗೇ ಮುಗಿಯಲಿಲ್ಲ. ಕ್ಯಾಮೆರಾದವರಿಗೆ ತಮ್ಮ ಮಾತು ಕೇಳಬಾರದು ಅನ್ನಿಸಿದಾಗ ಇವರು ಗಿಟಾರನ್ನು ಜೋರಾಗಿ ಮೀಟುತ್ತಾ ಮಾತಾಡುತ್ತಿದ್ದರಂತೆ. ಜಾಕ್ಸನ್ ತಂಡದವರು ಕಂಪ್ಯೂಟರಿಗೆ ಪಾಠ ಹೇಳಿ ಗಿಟಾರಿನ ಸದ್ದನ್ನು ಬೇರೆ ತೆಗೆದು ಮಾತನ್ನು ಹೊರತಂದರು. ಅದೇ ವಿದ್ಯೆಯಿಂದ ಜಾನ್‌ನ ಹಳೆಯ ಕ್ಯಾಸೆಟ್ಟಿನಿಂದ ಅವನ ದನಿ ಬಿಡಿಸಿ 2023ರಲ್ಲಿ ‘ನೌ ಆ್ಯಂಡ್ ದೆನ್’ ಹಾಡು ಹೊರಬಂತು.

ಹಂತ 4: ಏನೂ ಆಗದ ಹೊತ್ತನ್ನು ಅಳೆಯಿರಿ

ಕೈಪಿಡಿಯ ಮುಖ್ಯ ಹಂತ ಇದು. ಎರಡು ಸಾಕ್ಷ್ಯಚಿತ್ರಗಳನ್ನು ಹೋಲಿಸುವಾಗ ದೊಡ್ಡ ಘಟನೆಗಳನ್ನು ಬಿಡಿ, ಅವು ಇದ್ದರೂ ಇಲ್ಲದಿದ್ದರೂ ಬೇಗ ಗೊತ್ತಾಗುತ್ತವೆ. ಟೀ ಕುಡಿಯುವುದು, ಪೇಪರ್ ಓದುವುದು, ತಡವಾಗಿ ಬರುವುದು, ಸುಮ್ಮನೆ ಗೋಡೆ ನೋಡುವುದು, ಇವಕ್ಕೆ ಯಾವ ಚಿತ್ರ ಎಷ್ಟು ನಿಮಿಷ ಕೊಟ್ಟಿದೆ ಬರೆದುಕೊಳ್ಳಿ. 80 ನಿಮಿಷದ ಚಿತ್ರದಲ್ಲಿ ಒಂದು ಕಹಿ ಮಾತು ಬಂದರೆ ಅದೇ ಇಡೀ ಮನೆಯ ಕಹಿ. ಎಂಟು ಗಂಟೆಯ ಚಿತ್ರದಲ್ಲಿ ಆ ಮಾತಿನ ಹಿಂದೆ ಹತ್ತು ನಿಮಿಷ ತಮಾಷೆ, ಮುಂದೆ ಹತ್ತು ನಿಮಿಷ ಸ್ಯಾಂಡ್‌ವಿಚ್. ಚಿತ್ರದ ಉದ್ದವೂ ನಿರ್ದೇಶಕನ ಅಭಿಪ್ರಾಯವೇ.

ಜಾಕ್ಸನ್ನನ ಮೊದಲ ಕಂತಿನಲ್ಲಿ ಒಂದು ಬೆಳಗ್ಗೆ. ಜಾನ್ ಇನ್ನೂ ಬಂದಿಲ್ಲ. ಪಾಲ್ ಕುರ್ಚಿಯಲ್ಲಿ ಕೂತು ಬಾಸ್ ಗಿಟಾರನ್ನು ಸಾಮಾನ್ಯ ಗಿಟಾರಿನ ಹಾಗೆ ಗರಗರ ಬಾರಿಸುತ್ತಾ ಏನನ್ನೋ ಗುನುಗುತ್ತಿದ್ದಾನೆ. ಪದವಿಲ್ಲ, ರಾಗವೂ ಇಲ್ಲ. ಎದುರಿಗೆ ಕೂತ ಜಾರ್ಜ್ ಬಾಯಿ ಅಗಲಿಸಿ ಆಕಳಿಸುತ್ತಾನೆ. ಪಕ್ಕದಲ್ಲಿ ರಿಂಗೋ ನಿದ್ದೆಗಣ್ಣಲ್ಲಿ. ಪಾಲ್ ಬಿಡುವುದಿಲ್ಲ. ಅದೇ ಹೊಡೆತ, ಅದೇ ಗುನುಗು, ಸುತ್ತಿ ಸುತ್ತಿ. ನಿಮಿಷ ಒಂದೆರಡು ಕಳೆಯುವುದರಲ್ಲಿ ಆ ಗುನುಗಿನೊಳಗಿಂದ ಒಂದು ಎಳೆ ಕಾಣುತ್ತದೆ. ರಿಂಗೋ ಚಪ್ಪಾಳೆ ಹಾಕುತ್ತಾನೆ, ಜಾರ್ಜ್ ಗಿಟಾರ್ ಎತ್ತಿಕೊಳ್ಳುತ್ತಾನೆ, ಜಾನ್ ಬಂದವನು ನೇರ ಸೇರಿಕೊಳ್ಳುತ್ತಾನೆ. ಜಗತ್ತೆಲ್ಲ ಹಾಡಿದ ‘ಗೆಟ್ ಬ್ಯಾಕ್’ ಹಾಡು ಹುಟ್ಟಿದ್ದು ಹೀಗೆ. ‘ಲೆಟ್ ಇಟ್ ಬಿ’ಯಲ್ಲಿ ಈ ದೃಶ್ಯವಿಲ್ಲ. ನನ್ನನ್ನು ಕೇಳಿದರೆ ಉಳಿದ ಏಳೂವರೆ ಗಂಟೆಯನ್ನು ಈ ಕೆಲವು ನಿಮಿಷಕ್ಕಾಗಿ ಸಹಿಸಬಹುದು. ಆ ಆಕಳಿಕೆ ಇರದಿದ್ದರೆ ಅದು ಬರೀ ಪ್ರತಿಭೆಯ ಪ್ರದರ್ಶನವಾಗುತ್ತಿತ್ತು.

ಅಜ್ಜಿಯನ್ನು ಕೂರಿಸಿದ್ದು ಈ ಹಂತಕ್ಕಾಗಿ. ಅವರ ಪ್ರಶ್ನೆಗಳನ್ನು ಹಾಗೆಯೇ ಬರೆದುಕೊಳ್ಳಿ. ಮಾದರಿಗೆ:

“ಇವರ ಕಚೇರಿ ಯಾವತ್ತಪ್ಪಾ?”

“ಕಚೇರಿ ಇಲ್ಲಜ್ಜೀ, ಪ್ರಾಕ್ಟೀಸು.”

“ಪ್ರಾಕ್ಟೀಸಿಗೇ ಎಂಟು ಗಂಟೇನಾ? ಹೋಗ್ಲಿ, ಆ ಮೂಲೇಲಿ ಭಜನೆಯವನ ಥರ ಕೂತವ್ನಲ್ಲ, ಅವನ್ಯಾರು?”

ಪಂಡಿತ ಇಷ್ಟು ಸಲ ನೋಡಿದರೂ ಮೂಲೆಯಲ್ಲಿ ಕೂತ ಹರೇಕೃಷ್ಣ ಪಂಥದವನ ಕಡೆ ಗಮನ ಕೊಟ್ಟಿರುವುದಿಲ್ಲ.

“ಈಯಮ್ಮ ಯಾರು, ಹಾಡ್ತಾಳಾ?”

“ಜಾನ್‌ನ ಜೊತೆಗಾತಿ, ಯೋಕೊ ಅಂತ. ಇವಳಿಂದಾನೇ ಬ್ಯಾಂಡ್ ಒಡೀತು ಅಂತಾರೆ.”

“ಪೇಪರ್ ಓದ್ಕಂಡು ಕೂತವ್ಳೆ ಕಣಪ್ಪಾ.”

ಈ ಕೊನೆಯ ಮಾತನ್ನು ನೋಟ್‌ಬುಕ್ಕಿನಲ್ಲಿ ದೊಡ್ಡಕ್ಷರದಲ್ಲಿ ಬರೆಯಿರಿ. ಚಿಕ್ಕ ಚಿತ್ರದಲ್ಲಿ ಯೋಕೊ ಜಾನ್‌ನ ಪಕ್ಕ ಅಂಟಿಕೊಂಡ ಕರಿ ನೆರಳು. ಉದ್ದದ ಚಿತ್ರದಲ್ಲಿ ಪೇಪರ್ ಓದುವವಳು, ಏನಾದರೂ ಹೊಲಿಯುವವಳು. ಅಲ್ಲಿ ಮುಂದೆ ಪಾಲ್‌ನ ಹೆಂಡತಿಯಾದ ಲಿಂಡಾ ಬರುತ್ತಾಳೆ, ರಿಂಗೋನ ಹೆಂಡತಿ ಮೌರೀನ್ ಬರುತ್ತಾಳೆ, ಲಿಂಡಾಳ ಆರು ವರ್ಷದ ಮಗಳು ಹೆದರ್ ಸ್ಟುಡಿಯೋ ತುಂಬಾ ಓಡಾಡುತ್ತಾಳೆ. ಮನೆಯವರೆಲ್ಲ ಬಂದುಹೋಗುವ ಜಾಗದಲ್ಲಿ ಒಬ್ಬಳೇ ಹೆಂಗಸನ್ನು ಹೆಚ್ಚಾಗಿ ಚೌಕಟ್ಟಿನಲ್ಲಿ ಉಳಿಸಿದರೆ ತಪ್ಪೂ ಅವಳದೇ ಆಗುತ್ತದೆ.

ಜನವರಿ 30ರಂದು ಆ್ಯಪಲ್ ಕಟ್ಟಡದ ತಾರಸಿಯ ಮೇಲೆ ನಡೆದ ಸಂಗೀತ ಕಚೇರಿಯನ್ನು, ಅದರಲ್ಲೂ ಪೊಲೀಸರು ಬರುವ ಭಾಗವನ್ನು ಗಣೇಶನ ಹಬ್ಬದ ಆರ್ಕೆಸ್ಟ್ರಾ ನಡೆಸಿದ ಅನುಭವ ಇರುವವರ ಜೊತೆ ನೋಡಿ. ಕೆಳಗೆ ರಿಸೆಪ್ಷನ್ನಿನಲ್ಲಿ ಹುಡುಗಿ ಪೊಲೀಸರನ್ನು ಮಾತಿನಲ್ಲೇ ತಡೆಯುವುದನ್ನು ಕನ್ನಡಿಯ ಹಿಂದೆ ಬಚ್ಚಿಟ್ಟ ಕ್ಯಾಮೆರಾ ಹಿಡಿದಿದೆ. ಹತ್ತು ಗಂಟೆ ಮೇಲೆ ಮೈಕ್ ಆಫ್ ಮಾಡಿಸಿಕೊಂಡವರಿಗೆ ಅವಳ ಸಾಮರ್ಥ್ಯ ಅರ್ಥವಾಗುತ್ತದೆ.

ಹಂತ 5: ಕೊನೆಯ ಹೆಸರುಗಳನ್ನು ನಿಲ್ಲಿಸಿ ಓದಿ

ಚಿತ್ರ ಮುಗಿದು ಹೆಸರುಗಳು ಓಡುವಾಗ ಎದ್ದು ಹೋಗಬೇಡಿ. ‘ಗೆಟ್ ಬ್ಯಾಕ್’ನ ನಿರ್ಮಾಪಕರ ಪಟ್ಟಿಯಲ್ಲಿ ಜಾಕ್ಸನ್ ಜೊತೆ ಪಾಲ್, ರಿಂಗೋ, ಯೋಕೊ ಮತ್ತು ಜಾರ್ಜನ ಪತ್ನಿ ಒಲಿವಿಯಾ ಹ್ಯಾರಿಸನ್ ಇದ್ದಾರೆ. ‘ಲೆಟ್ ಇಟ್ ಬಿ’ಯೂ ಆ್ಯಪಲ್ ಕಂಪನಿಯದೇ. 1995ರ ‘ಆಂಥಾಲಜಿ’ ಸರಣಿಯೂ ಅಷ್ಟೆ. ಅದರಲ್ಲಿ ಕಥೆ ಹೇಳುವವರೇ ತಂಡದವರು. ಒಂದು ಅನುಕೂಲವೆಂದರೆ ಮೂವರ ನೆನಪುಗಳು ಒಂದಕ್ಕೊಂದು ತಾಳೆಯಾಗದ ಕಡೆ ಅದನ್ನು ತಿದ್ದದೆ ಹಾಗೇ ಬಿಟ್ಟಿದ್ದಾರೆ. ಜಾನ್ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಹಳೆಯ ಸಂದರ್ಶನಗಳ ತುಂಡುಗಳಲ್ಲಿ ಅವನ ದನಿ ಬರುತ್ತದೆ. ಉಳಿದ ಮೂವರಿಗೆ ಮಾತು ಬದಲಿಸುವ ಅವಕಾಶವಿತ್ತು, ಅವನಿಗೆ ಇರಲಿಲ್ಲ.

ರಾನ್ ಹೊವಾರ್ಡ್‌ನ ‘ಏಯ್ಟ್ ಡೇಸ್ ಎ ವೀಕ್’ (2016) ಅಭಿಮಾನಿಗಳ ಕಿರುಚಾಟದ ವರ್ಷಗಳದ್ದು. ಮಕ್ಕಳಿಗೆ ತೋರಿಸಬಹುದು. ತಾಳೆ ನೋಡಲು ಅದರಲ್ಲಿ ಹೆಚ್ಚೇನಿಲ್ಲ.

ಹೊರಗಿನವರ ಕಣ್ಣು ಬೇಕೆಂದರೆ ಮೇಸಲ್ಸ್ ಸಹೋದರರ ಕಡೆ ಹೋಗಿ. 1964ರ ಫೆಬ್ರುವರಿಯಲ್ಲಿ ಬೀಟಲ್ಸ್ ಅಮೆರಿಕಕ್ಕೆ ಕಾಲಿಟ್ಟಾಗ ಹೋಟೆಲ್ ಕೋಣೆವರೆಗೆ ಹಿಂಬಾಲಿಸಿ ಚಿತ್ರಿಸಿದವರು ಅವರು. 1969ರ ಡಿಸೆಂಬರಿನಲ್ಲಿ ಆಲ್ಟಮಾಂಟ್‌ನ ರೋಲಿಂಗ್ ಸ್ಟೋನ್ಸ್ ಕಚೇರಿಯಲ್ಲಿ ಒಬ್ಬ ಯುವಕನ ಕೊಲೆ ಕ್ಯಾಮೆರಾಕ್ಕೆ ಸಿಕ್ಕಿದ್ದೂ ಅವರ ತಂಡದ ಚಿತ್ರೀಕರಣದಲ್ಲೇ. ಆ ಚಿತ್ರ ‘ಗಿಮ್ಮೀ ಶೆಲ್ಟರ್’. ಅಜ್ಜಿಗೆ ಇದನ್ನು ತೋರಿಸಬೇಡಿ.

ಹಂತ 6: ಹೃಷಿಕೇಶದ ಚಿತ್ರಗಳು (ಗೌರಿಬಿದನೂರಿನವರಿಗೆ ವಿಶೇಷ ಸೂಚನೆ)

1968ರ ಫೆಬ್ರುವರಿಯಲ್ಲಿ ನಾಲ್ವರೂ ಮಹರ್ಷಿ ಮಹೇಶ ಯೋಗಿಯ ಆಶ್ರಮಕ್ಕೆ ಬಂದರು. ಊಟ ಒಗ್ಗದ ರಿಂಗೋ ಮೊದಲು ಹೊರಟ, ಆಮೇಲೆ ಪಾಲ್, ಏಪ್ರಿಲಿನಲ್ಲಿ ಜಾನ್, ಜಾರ್ಜ್. ಇದರ ಮೇಲೆ ಹೆಚ್ಚುಕಡಿಮೆ ಒಟ್ಟೊಟ್ಟಿಗೆ ಎರಡು ಚಿತ್ರ ಬಂದವು. ಪಾಲ್ ಸಾಲ್ಟ್ಸ್‌ಮನ್ನನ ‘ಮೀಟಿಂಗ್ ದ ಬೀಟಲ್ಸ್ ಇನ್ ಇಂಡಿಯಾ’ (2020), ಅಜೊಯ್ ಬೋಸ್ ಮತ್ತು ಪೀಟರ್ ಕಾಂಪ್ಟನ್ ಅವರ ‘ದ ಬೀಟಲ್ಸ್ ಆ್ಯಂಡ್ ಇಂಡಿಯಾ’ (2021). ಸಾಲ್ಟ್ಸ್‌ಮನ್ ಆಗ ಪ್ರೀತಿಯಲ್ಲಿ ಏಟು ತಿಂದು ಆಶ್ರಮದ ಬಾಗಿಲಿಗೆ ಬಂದ ಹುಡುಗ. ಅಲ್ಲಿ ತೆಗೆದ ಫೋಟೋಗಳನ್ನು ದಶಕಗಟ್ಟಲೆ ಪೆಟ್ಟಿಗೆಯಲ್ಲಿ ಮರೆತಿದ್ದವನು. ಅವನ ಚಿತ್ರ ಅವನ ಕಥೆ. ಬೋಸ್ ದೆಹಲಿಯ ಪತ್ರಕರ್ತ. ಅವರ ಚಿತ್ರದಲ್ಲಿ ಈ ಕಡೆಯ ಜನ ಮಾತಾಡುತ್ತಾರೆ.

ಇಲ್ಲಿ ಉಪಯೋಗಕ್ಕೆ ಬರುವ ಸಲಕರಣೆ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿದೆ. ಆ ಊರಿನ ಎಚ್. ನರಸಿಂಹಯ್ಯನವರು ರೈಲಿಗೆ ಕಾಸಿಲ್ಲದೆ ಬೆಂಗಳೂರಿಗೆ ಓದಲು ನಡೆದು ಹೋದ ಹುಡುಗ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದವರು. ಪ್ರಶ್ನೆ ಕೇಳದೆ ಏನನ್ನೂ ಒಪ್ಪಬಾರದು ಅನ್ನುವುದು ಅವರು ಜೀವನವಿಡೀ ಹೇಳಿದ ಮಾತು. ಅದನ್ನು ಗುರುವಿನ ಮೇಲೆ ಮಾತ್ರ ಪ್ರಯೋಗಿಸಬೇಡಿ, ಗುರುವಿನ ಮೇಲೆ ಆಪಾದನೆ ಹೊರಿಸಿದವರ ಮೇಲೂ ಪ್ರಯೋಗಿಸಿ. ಜಾನ್ ಸಿಟ್ಟಿಗೆದ್ದು ಹೊರಟದ್ದು ಮಹರ್ಷಿಗಳ ನಡತೆಯ ಬಗ್ಗೆ ಎದ್ದ ಸುದ್ದಿಯಿಂದ. ಅದನ್ನು ಹಬ್ಬಿಸಿದವನು ಜೊತೆಯಲ್ಲಿದ್ದ ‘ಮ್ಯಾಜಿಕ್ ಅಲೆಕ್ಸ್’ ಎಂಬಾತ. ಸುದ್ದಿ ಸಾಬೀತಾಗಲಿಲ್ಲ. ಚಿತ್ರದಲ್ಲಿ ಯಾರೇ ಬಂದು ಈ ಕಥೆ ಹೇಳಲಿ, ತಕ್ಷಣ ನಿಲ್ಲಿಸಿ ಕೇಳಿ: ಆ ದಿನ ಇವರು ಎಲ್ಲಿದ್ದರು? ಯಾರಿಂದ ಕೇಳಿದರು? ಎಷ್ಟು ವರ್ಷದ ನಂತರ ಹೇಳುತ್ತಿದ್ದಾರೆ?

ಮೂರನೆಯ ಪ್ರಶ್ನೆಯಿಂದ ಒಂದು ಲಾಭವಿದೆ. ಹೃಷಿಕೇಶದ ಬಗ್ಗೆ ಒಳ್ಳೆಯ ಸಾಕ್ಷಿ ಈ ಎರಡು ಚಿತ್ರಗಳಲ್ಲಿಲ್ಲ, ‘ಗೆಟ್ ಬ್ಯಾಕ್’ನಲ್ಲಿದೆ. ಅಲ್ಲಿ ಪಾಲ್ ತಾನು ನೋಡಿದ ಹೃಷಿಕೇಶದ ಫಿಲ್ಮಿನ ಬಗ್ಗೆ ಉಳಿದವರ ಜೊತೆ ಹರಟುತ್ತಾನೆ. ಅವರು ಆಶ್ರಮಕ್ಕೆ ಬಂದು ಆಗಿನ್ನೂ ವರ್ಷ ತುಂಬಿರಲಿಲ್ಲ, ನೆನಪಿಗೆ ಬಣ್ಣ ಬಿದ್ದಿರಲಿಲ್ಲ. ತಮ್ಮನ್ನೇ ಗೇಲಿ ಮಾಡಿಕೊಂಡು ನಗುತ್ತಾರೆ. ಐವತ್ತು ವರ್ಷದ ನಂತರ ಕುರ್ಚಿ ಹಾಕಿ ಬೆಳಕು ಬಿಟ್ಟು ಕೇಳಿದಾಗ ಬರುವ ಮಾತಲ್ಲ ಅದು.

ದೋಷ ಪರಿಹಾರ

*ದೋಷ:* ಎಲ್ಲ ಸಾಕ್ಷ್ಯಚಿತ್ರಗಳೂ ಒಂದೇ ಥರ ಕಾಣುತ್ತಿವೆ.
*ಪರಿಹಾರ:* 1978ರ ‘ದ ರಟಲ್ಸ್’ ನೋಡಿ. ಇಲ್ಲದ ಬ್ಯಾಂಡಿನ ಮೇಲೆ ಎರಿಕ್ ಐಡಲ್ ಮತ್ತು ಗ್ಯಾರಿ ವೀಸ್ ಮಾಡಿದ ಸುಳ್ಳು ಸಾಕ್ಷ್ಯಚಿತ್ರ. ಕಂಪನಿಯ ಕಚೇರಿಯ ಮುಂದೆ ನಿಂತು ಎಲ್ಲ ಸರಿಯಾಗಿದೆ ಅಂತ ವಕ್ತಾರ ಹೇಳುತ್ತಿರುವಾಗ ಹಿಂದೆ ಜನ ಒಳಗಿನ ಸಾಮಾನೆಲ್ಲ ಹೊತ್ತುಕೊಂಡು ಹೋಗುತ್ತಿರುತ್ತಾರೆ. ಮೈಕು ಹಿಡಿದು ಪ್ರಶ್ನೆ ಕೇಳುವ ವರದಿಗಾರನನ್ನು ಸರಿಯಾಗಿ ನೋಡಿ: ವೇಷ ಹಾಕಿದ ಜಾರ್ಜ್ ಹ್ಯಾರಿಸನ್.

*ದೋಷ:* ನಡುವೆ ಕರೆಂಟು ಹೋಯಿತು.
*ಪರಿಹಾರ:* ಅಜ್ಜಿಯನ್ನು ಇಲ್ಲಿವರೆಗಿನ ಕಥೆ ಹೇಳಲು ಕೇಳಿ. ಅವರು ಹೇಳುವುದು ಮೂರನೆಯ ಸಾಕ್ಷ್ಯಚಿತ್ರ. ಅದನ್ನೂ ತಾಳೆ ನೋಡಿ.

*ದೋಷ:* ಎಲ್ಲ ನೋಡಿದರೂ ಬ್ಯಾಂಡ್ ಯಾಕೆ ಒಡೆಯಿತು ಅಂತ ತಿಳಿಯಲಿಲ್ಲ.
*ಪರಿಹಾರ:* ಟಿವಿಯಲ್ಲಿ ದೋಷವಿಲ್ಲ. ‘ಗೆಟ್ ಬ್ಯಾಕ್’ನ ಕೊನೆಯ ಭಾಗದಲ್ಲಿ ಆ್ಯಲನ್ ಕ್ಲೈನ್ ಎಂಬ ವ್ಯವಹಾರಸ್ಥನ ಹೆಸರು ಬರುತ್ತದೆ, ಜಾನ್ ಅವನನ್ನು ಕಂಡು ಬಂದ ಹುರುಪಿನಲ್ಲಿರುತ್ತಾನೆ. ಮುಂದೆ ಮೂವರು ಕ್ಲೈನ್ ಕಡೆ, ಪಾಲ್ ತನ್ನ ಹೆಂಡತಿಯ ತವರಿನ ವಕೀಲರ ಕಡೆ. 1970ರ ಡಿಸೆಂಬರ್ 31ರಂದು ಪಾಲುದಾರಿಕೆ ಮುರಿಯಲು ಪಾಲ್ ಲಂಡನ್ನಿನ ಹೈಕೋರ್ಟಿನಲ್ಲಿ ದಾವೆ ಹಾಕಿದ. ಕಾನೂನಿನ ಪ್ರಕಾರ ಅದು ಮುಗಿದದ್ದು 1975ರಲ್ಲಿ. ಆ ನಾಲ್ಕು ವರ್ಷ ವಕೀಲರ ಕಚೇರಿಯಲ್ಲಿ ಯಾರೂ ಹೂಕುಂಡದಲ್ಲಿ ಮೈಕು ಇಟ್ಟಿರಲಿಲ್ಲ. ಈ ಭಾಗ ಅರ್ಥವಾಗದವರು ತಮ್ಮ ತಾಲ್ಲೂಕಿನ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಕೂತಿರುವ ಪತ್ರಬರಹಗಾರರನ್ನು, ಕಚೇರಿ ವೇಳೆಯಲ್ಲಿ, ಮಧ್ಯಾಹ್ನದ ಊಟದ ಹೊತ್ತು ಬಿಟ್ಟು, ಸಂಪರ್ಕಿಸಬಹುದು.